ಸೌತೆಕಾಯಿ ತಿನ್ನದ ಬೀದಿ, ಬಿಟ್ಟುಕೊಡದ ತೇರು

ಜುಲೈ ಬಂತು ಅಂದ್ರೆ ಜಪಾನಿನ ಕ್ಯೋಟೋ ನಗರದಲ್ಲಿ ಕೆಲವು ಹಳೇ ಮನೆತನದವರು ಸೌತೆಕಾಯಿ ಮುಟ್ಟಲ್ಲ. ಬೇಸಿಗೆಯ ಸೆಕೆಗೆ ಮೈ ಬೆವರಿ ಒದ್ದೆಯಾಗಿರುತ್ತೆ, ಅಂಗಡಿಯಲ್ಲಿ ಎಳೇ ಸೌತೆ ರಾಶಿ ಬಿದ್ದಿರುತ್ತೆ. ಆದರೂ ತಿನ್ನಲ್ಲ. ಯಾಕೆ? ಸೌತೆಕಾಯಿಯನ್ನು ಅಡ್ಡಡ್ಡ ಕೊಯ್ದು ನೋಡಿ. ಬಿಲ್ಲೆಯ ನಡುವೆ ಒಂದು ಹೂವಿನಂಥ ಆಕಾರ ಕಾಣುತ್ತೆ. ಅದು ಅವರ ದೇವರ ಲಾಂಛನದ ಹಾಗೇ ಇದೆಯಂತೆ. ದೇವರ ಗುರುತನ್ನು ಹಲ್ಲಲ್ಲಿ ಕಚ್ಚೋದು ಹೇಗೆ? ಅದಕ್ಕೇ ಹಬ್ಬ ಮುಗಿಯೋವರೆಗೂ ಸೌತೆಕಾಯಿ ಬೇಡ.

ನಗು ಬಂತಾ? ಮೊದಲ ಸಲ ಕೇಳಿದಾಗ ನನಗೂ ಬಂತು. ಆದರೆ ಈ ಸೌತೆಕಾಯಿಯ ಹಿಂದೆ ಸುಮಾರು 1150 ವರ್ಷಗಳ ಕಥೆ ಇದೆ. ಆ ಕಥೆಯಲ್ಲಿ ಸಾಂಕ್ರಾಮಿಕ ರೋಗ ಇದೆ. ಅನ್ಯಾಯವಾಗಿ ಸತ್ತ ಒಬ್ಬ ರಾಜಕುಮಾರ ಇದ್ದಾನೆ. ದೇವರ ಹೆಸರನ್ನೇ ಬದಲಿಸಿದ ಸರ್ಕಾರ ಇದೆ. ನಮ್ಮ ತೇರು ನಮಗೆ ಬೇಕೇ ಬೇಕು ಅಂತ ಅಧಿಕಾರದ ಮುಂದೆ ಹೋಗಿ ನಿಂತ ಮಾಮೂಲಿ ಜನ ಇದ್ದಾರೆ. ಅಷ್ಟೇ ಅಲ್ಲ, ಅದರಲ್ಲಿ ನಮ್ಮ ಭಾರತವೂ ಇದೆ, ನಮ್ಮ ದಖನ್ ಕೂಡ ಇದೆ. ಒಂದು ಜುಲೈ 12 ರಂದು ಬೆಳಗಿನಿಂದ ಸಂಜೆವರೆಗೆ ನಾನು ಆ ದೇಗುಲದಲ್ಲಿ, ಅದಕ್ಕೆ ನಡೆದುಕೊಳ್ಳುವ ಹಳೇ ಬೀದಿಗಳಲ್ಲಿ ಓಡಾಡಿದೆ. ಅವತ್ತು ಕಂಡದ್ದನ್ನ, ಅದರ ಹಿಂದಿರುವ ಇತಿಹಾಸವನ್ನ ನಿಮ್ಮ ಮುಂದೆ ಇಡ್ತೀನಿ.

ಕ್ಯೋಟೋದ ಮುಖ್ಯ ರಸ್ತೆಗಳಲ್ಲಿ ಒಂದು ಶಿಜೋ. ಆ ರಸ್ತೆ ಪೂರ್ವಕ್ಕೆ ಹೋಗಿ ಹೋಗಿ ಒಂದು ಕಡೆ ನಿಲ್ಲುತ್ತೆ. ಅಲ್ಲಿ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಮೇಲೆ ಕುಂಕುಮ ಬಣ್ಣದ ಎರಡಂತಸ್ತಿನ ಹೆಬ್ಬಾಗಿಲು. ಅದೇ ಯಸಾಕಾ ದೇಗುಲ. ಈ ಬಾಗಿಲು ಕಟ್ಟಿದ್ದು 1497ರಲ್ಲಿ. ಒಳಗೆ ಹೋದರೆ ನಾಲ್ಕೂ ಕಡೆ ತೆರೆದ ಒಂದು ನೃತ್ಯ ಮಂಟಪ, ಅದರ ಸುತ್ತ ಸಾಲು ಸಾಲಾಗಿ ನೂರಾರು ಕಾಗದದ ಲಾಂದ್ರಗಳು. ಒಂದೊಂದು ಲಾಂದ್ರದ ಮೇಲೂ ಒಂದೊಂದು ಹೆಸರು: ಹೋಟೆಲಿನವರದ್ದು, ಅಂಗಡಿಯವರದ್ದು, ಚಹಾಮನೆಯವರದ್ದು. ಅಂದ್ರೆ ದೇಗುಲಕ್ಕೆ ಸೇವೆ ಕೊಟ್ಟ ಅಕ್ಕಪಕ್ಕದ ಜನ. ಮಂಟಪದ ಎದುರಿಗೆ ಮುಖ್ಯ ಮಂದಿರ. 1654ರಲ್ಲಿ ಮತ್ತೆ ಕಟ್ಟಿದ್ದು. ದೇವರ ಕೋಣೆ, ಭಕ್ತರು ನಿಲ್ಲುವ ಜಾಗ ಎರಡನ್ನೂ ಒಂದೇ ದೊಡ್ಡ ಛಾವಣಿಯ ಕೆಳಗೆ ತಂದಿರೋದು ಇದರ ವಿಶೇಷ. 2020ರಲ್ಲಿ ಜಪಾನ್ ಸರ್ಕಾರ ಇದನ್ನು ರಾಷ್ಟ್ರೀಯ ನಿಧಿ ಅಂತ ಘೋಷಿಸಿತು.

ಜನ ಬರ್ತಾರೆ, ಚಿಲ್ಲರೆ ಹಾಕ್ತಾರೆ, ಮೇಲಿಂದ ಇಳಿಬಿಟ್ಟ ದಪ್ಪ ಹಗ್ಗ ಅಲ್ಲಾಡಿಸಿ ಗಂಟೆ ಬಾರಿಸ್ತಾರೆ, ಎರಡು ಸಲ ತಲೆ ಬಾಗಿಸಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ತಲೆ ಬಾಗಿಸ್ತಾರೆ. ಮುಗೀತು. ಒಳಗಿರುವ ದೇವರು ಯಾರು? ಸುಸಾನೊ. ಸೂರ್ಯದೇವಿ ಅಮತೆರಾಸುವಿನ ತಮ್ಮ. ಎಂಟು ತಲೆಯ ಸರ್ಪವನ್ನು ಕೊಂದು ಕುಶಿನಾದ ಎಂಬ ಹೆಣ್ಣುಮಗಳನ್ನು ಕಾಪಾಡಿ ಮದುವೆಯಾದವನು. ಆಕೆಯೂ ಇಲ್ಲೇ ಇದ್ದಾಳೆ, ಎಂಟು ಮಕ್ಕಳೂ ಇದ್ದಾರೆ. ತುಂಬು ಸಂಸಾರ.

ಆದರೆ ಇಲ್ಲೊಂದು ಪ್ರಶ್ನೆ ಇದೆ. ದೇಗುಲದ ಹೆಸರು ಯಸಾಕಾ. ಹಬ್ಬದ ಹೆಸರು ಗಿಯೋನ್. ಎದುರಿನ ಬಡಾವಣೆಯ ಹೆಸರೂ ಗಿಯೋನ್. ಊರಿನ ಹಳಬರು ದೇಗುಲವನ್ನು ಈಗಲೂ ಪ್ರೀತಿಯಿಂದ ಕರೆಯೋದು 'ಗಿಯೋನ್ ಸಾನ್' ಅಂತ. ಯಾರದು ಈ ಗಿಯೋನ್?

ಉತ್ತರ ನಮ್ಮ ಉತ್ತರ ಪ್ರದೇಶದಲ್ಲಿದೆ. ಶ್ರಾವಸ್ತಿಯ ಜೇತವನ ನಿಮಗೆ ಗೊತ್ತಿರಬಹುದು. ಜೇತ ಎಂಬ ರಾಜಕುಮಾರನ ತೋಪು. ಅನಾಥಪಿಂಡಿಕ ಎಂಬ ಶ್ರೀಮಂತ ವ್ಯಾಪಾರಿ ಅದರ ನೆಲದ ಮೇಲೆಲ್ಲ ಚಿನ್ನದ ನಾಣ್ಯ ಹಾಸಿ, ಆ ತೋಪನ್ನು ಕೊಂಡು ಬುದ್ಧನಿಗೆ ಅರ್ಪಿಸಿದ ಅನ್ನೋದು ಬೌದ್ಧ ಪರಂಪರೆಯ ಪ್ರಸಿದ್ಧ ಕಥೆ. ಆ ಜೇತನ ತೋಪಿನ ಹೆಸರು ಚೀನಾ ಲಿಪಿಗೆ ಹೋಗಿ, ಅಲ್ಲಿಂದ ಜಪಾನಿಗೆ ಬಂದು ಆಗಿದ್ದೇ ಗಿಯೋನ್. ಹಿಂದೆ ಇಲ್ಲಿ ಪೂಜೆ ಆಗ್ತಿದ್ದದ್ದು ಗೋಝು ತೆನ್ನೋ ಎಂಬ ದೇವರಿಗೆ. ಗೂಳಿ ತಲೆಯ ದೇವರು. ಜೇತವನವನ್ನು ಕಾಯುವ ದೇವರು ಅಂತಲೇ ಜಪಾನಿನ ಜನ ಅವನನ್ನು ನಂಬಿದ್ದರು. ಸುಸಾನೊ ಅಂದರೂ ಅವನೇ, ಗೋಝು ತೆನ್ನೋ ಅಂದರೂ ಅವನೇ. ಶಿಂಟೋ ಯಾವುದು, ಬೌದ್ಧ ಯಾವುದು ಅಂತ ಗೆರೆ ಎಳೆದು ನೋಡುವ ಅಭ್ಯಾಸ ಆ ಜನರಿಗೆ ಇರಲೇ ಇಲ್ಲ.

ಈ ದೇವರ ಕೆಲಸ ಏನು? ರೋಗ ತರುವವನೂ ಅವನೇ, ರೋಗದಿಂದ ಕಾಯುವವನೂ ಅವನೇ.

ಇದು ಅರ್ಥ ಆಗಬೇಕಾದರೆ 9ನೇ ಶತಮಾನಕ್ಕೆ ಹೋಗಬೇಕು. 794ರಲ್ಲಿ ಕ್ಯೋಟೋ ಜಪಾನಿನ ರಾಜಧಾನಿಯಾಯ್ತು. ಮೂರು ಕಡೆ ಬೆಟ್ಟ, ನಡುವೆ ತಟ್ಟೆಯಂಥ ನೆಲ, ಕಿಕ್ಕಿರಿದ ಜನ. ಮಳೆಗಾಲದಲ್ಲಿ ಕಾಮೊ ನದಿ ಉಕ್ಕಿದರೆ ಕೊಳಕು ನೀರು ಬಾವಿಗಳಿಗೆ ನುಗ್ಗುತ್ತಿತ್ತು. ಅದರ ಬೆನ್ನಿಗೇ ಸಾವು. ಇವತ್ತಾದರೆ ನಾವು ಕಲುಷಿತ ನೀರು ಅಂತೀವಿ. ಅವತ್ತಿನ ಜನ ಬೇರೆ ಕಾರಣ ಹೇಳಿದರು. ಆ ಕಾರಣ ಕೇಳಿ.

ರಾಜಧಾನಿ ಕ್ಯೋಟೋಗೆ ಬರುವ ಮೊದಲು, 785ರಲ್ಲಿ, ಚಕ್ರವರ್ತಿ ಕನ್ಮುವಿನ ಸ್ವಂತ ತಮ್ಮ ರಾಜಕುಮಾರ ಸವಾರನ ಮೇಲೆ ಒಂದು ಕೊಲೆ ಸಂಚಿನ ಆರೋಪ ಬಂತು. ನಾನು ತಪ್ಪು ಮಾಡಿಲ್ಲ ಅಂತ ಅವನು ಅನ್ನ ನೀರು ಬಿಟ್ಟ. ಗಡೀಪಾರಿನ ದಾರಿಯಲ್ಲೇ ಸತ್ತ. ಆಮೇಲೆ ಅರಮನೆಯಲ್ಲಿ ಸಾವಿನ ಮೇಲೆ ಸಾವು, ನಾಡಿನಲ್ಲಿ ರೋಗ. ಹೆದರಿದ ಕನ್ಮು 800ರಲ್ಲಿ ಸತ್ತ ತಮ್ಮನಿಗೆ ಚಕ್ರವರ್ತಿ ಎಂಬ ಪದವಿಯನ್ನೇ ಕೊಟ್ಟ! ಬದುಕಿದ್ದಾಗ ಕಿತ್ತುಕೊಂಡದ್ದನ್ನು ಸತ್ತ ಮೇಲೆ ಕೊಟ್ಟು ಏನು ಪ್ರಯೋಜನ ಸ್ವಾಮಿ? ರೋಗ ಮಾತ್ರ ನಿಲ್ಲಲಿಲ್ಲ. 863ರಲ್ಲಿ ಸವಾರ ಸೇರಿದಂತೆ ಅನ್ಯಾಯವಾಗಿ ಸತ್ತ ಆರು ಜನರ ಆತ್ಮಶಾಂತಿಗೆ ಅರಮನೆಯ ಉದ್ಯಾನದಲ್ಲಿ ದೊಡ್ಡ ಪೂಜೆ ನಡೆಯಿತು. ಅವತ್ತು ಉದ್ಯಾನದ ನಾಲ್ಕೂ ಬಾಗಿಲನ್ನು ಸಾಮಾನ್ಯ ಜನರಿಗೆ ತೆರೆದಿದ್ದರು. ಅಧಿಕಾರದಲ್ಲಿದ್ದವರು ಮಾಡಿದ ಅನ್ಯಾಯ ಊರಿಗೆಲ್ಲ ಕಾಯಿಲೆಯಾಗಿ ಹರಡುತ್ತೆ ಅಂತ ಆ ಜನ ನಂಬಿದ್ದರು. ವೈದ್ಯಶಾಸ್ತ್ರದ ಪ್ರಕಾರ ಇದು ತಪ್ಪು. ಆದರೆ ಆಳುವವರ ಮನಸ್ಸಿನಲ್ಲಿ ಈ ಹೆದರಿಕೆ ಇದ್ದದ್ದು ಕೆಟ್ಟದ್ದು ಅಂತ ನನಗೆ ಅನಿಸಲ್ಲ.

ಆರು ವರ್ಷದ ನಂತರ, 869ರಲ್ಲಿ, ಮತ್ತೆ ರೋಗ. ಆಗ ದೇಶದ 66 ಪ್ರಾಂತ್ಯಗಳ ಲೆಕ್ಕಕ್ಕೆ 66 ಭರ್ಜಿಗಳನ್ನು ನೆಟ್ಟು, ಗಿಯೋನ್ ದೇವರ ಪಲ್ಲಕ್ಕಿಯನ್ನು ಅದೇ ಉದ್ಯಾನಕ್ಕೆ ಹೊತ್ತು ತಂದರು ಅಂತ ದೇಗುಲದ ಪರಂಪರೆ ಹೇಳುತ್ತೆ. ಅದೇ ಗಿಯೋನ್ ಹಬ್ಬದ ಮೂಲ. ಆ ಭರ್ಜಿಗಳೇ ಶತಮಾನಗಳಲ್ಲಿ ಬೆಳೆದು ಬೆಳೆದು ಇವತ್ತಿನ ದೈತ್ಯ ತೇರುಗಳಾದವು. ಅಂದ್ರೆ ಇದು ಸಂಭ್ರಮಕ್ಕೆ ಹುಟ್ಟಿದ ಹಬ್ಬ ಅಲ್ಲ. ಸಾವಿನ ಭಯಕ್ಕೆ ಹುಟ್ಟಿದ ಹಬ್ಬ.

ದೇಗುಲದಿಂದ ಇಳಿದು ಪಶ್ಚಿಮಕ್ಕೆ ಹೊರಟರೆ ಗಿಯೋನ್ ಬಡಾವಣೆ. ಮರದ ಜಾಲರಿಯ ಕಿಟಕಿ, ಬಿದಿರಿನ ಪರದೆ, ತಗ್ಗು ಸೂರಿನ ಮನೆಗಳು. ಹಿಂದೆ ದೇಗುಲಕ್ಕೆ ಬರುವ ಯಾತ್ರಿಕರಿಗೆ ರಸ್ತೆ ಬದಿಯಲ್ಲಿ ಚಹಾ, ತಿಂಡಿ ಕೊಡುತ್ತಿದ್ದ ಸಣ್ಣ ಗೂಡಂಗಡಿಗಳೇ ಮುಂದೆ ಹಾಡು, ಕುಣಿತದ ಚಹಾಮನೆಗಳಾದವು. ಮುಖಕ್ಕೆ ಬಿಳಿ ಬಣ್ಣ ಹಚ್ಚಿದ ಗೇಕೊ, ಮೈಕೊ ಕಲಾವಿದೆಯರ ಫೋಟೋ ನೀವು ನೋಡಿರ್ತೀರಿ. ಅವರ ಊರು ಇದೇ. ಇದರೊಳಗಿನ ಶಿನ್ಬಾಶಿ ಭಾಗವನ್ನು 1976ರಲ್ಲೇ ಸಂರಕ್ಷಿತ ಪ್ರದೇಶ ಅಂತ ಮಾಡಿದರು. ಕಟ್ಟಡ ಉಳೀತು. ಆದರೆ ಈಗ ಹೊಸ ತಲೆನೋವು. ಕೆಲಸಕ್ಕೆ ಹೊರಟ ಹುಡುಗಿಯರನ್ನು ಪ್ರವಾಸಿಗರು ಮೊಬೈಲ್ ಹಿಡಿದು ಅಟ್ಟಿಸಿಕೊಂಡು ಹೋಗೋದು, ಕಿಮೋನೊ ಹಿಡಿದು ಎಳೆಯೋದು. ಸಾಕಾಗಿ 2024ರಲ್ಲಿ ಅಲ್ಲಿನ ನಿವಾಸಿಗಳು ಖಾಸಗಿ ಓಣಿಗಳಿಗೆ ಪ್ರವಾಸಿಗರು ಬರಲೇಬಾರದು ಅಂತ ಬೋರ್ಡ್ ಹಾಕಿಸಿದರು. ದಂಡ 10,000 ಯೆನ್. ಕ್ಯಾಮೆರಾ ಹಿಡಿದು ಬದುಕುವ ವೃತ್ತಿಯವನು ನಾನು. ಆ ಬೋರ್ಡ್ ಮುಂದೆ ನಿಂತಾಗ ಸ್ವಲ್ಪ ನಾಚಿಕೆ ಆಯ್ತು. ಫೋನ್ ಜೇಬಿಗೆ ಹಾಕಿಕೊಂಡೆ.

ಇಲ್ಲಿನ ಮನೆಗಳ ಬಾಗಿಲ ಮೇಲೆ ಬಿದಿರೆಲೆಯಿಂದ ಸುತ್ತಿದ ಒಂದು ಕಟ್ಟು ನೇತಾಡ್ತಿರುತ್ತೆ. ಹೆಸರು ಚಿಮಾಕಿ. ಇದೇ ಹೆಸರಿನ ತಿಂಡಿಯೂ ಇದೆ, ಆದರೆ ಇದು ತಿನ್ನೋದಲ್ಲ. ಇದರ ಕಥೆ ಹೀಗಿದೆ. ದೇವರು ಒಮ್ಮೆ ಬಡ ದಾರಿಹೋಕನ ವೇಷದಲ್ಲಿ ಬಂದು ರಾತ್ರಿ ತಂಗಲು ಜಾಗ ಕೇಳಿದ. ಶ್ರೀಮಂತ ತಮ್ಮ ಬಾಗಿಲು ಹಾಕಿದ. ಬಡವನಾದ ಅಣ್ಣ ಸೋಮಿನ್ ಶೋರೈ ತನ್ನ ಹತ್ತಿರ ಇದ್ದ ಕಿರುಧಾನ್ಯ ಬೇಯಿಸಿ ಬಡಿಸಿದ. ದೇವರು ಅವನಿಗೆ ಹೇಳಿದ: ಮುಂದೆ ರೋಗ ಬಂದಾಗ ಹುಲ್ಲಿನ ಬಳೆಯೊಂದನ್ನು ಸೊಂಟಕ್ಕೆ ಕಟ್ಟಿಕೊಳ್ಳಿ, ನಿನ್ನ ವಂಶಕ್ಕೆ ಏನೂ ಆಗಲ್ಲ. ಅದಕ್ಕೇ ಇವತ್ತಿಗೂ ಚಿಮಾಕಿಯ ಮೇಲಿನ ಚೀಟಿಯಲ್ಲಿ 'ನಾವು ಸೋಮಿನ್ ಶೋರೈ ವಂಶದವರು' ಅಂತ ಬರೆದಿರುತ್ತೆ. ಗಮನಿಸಿ, ನಾವು ರಾಜನ ವಂಶದವರು ಅಂತ ಬರೆದಿಲ್ಲ. ಬಂದವರಿಗೆ ಊಟ ಹಾಕಿದ ಬಡವನ ವಂಶದವರು ಅಂತ ಬರೆದಿದ್ದಾರೆ.

ಈಗ ಬನ್ನಿ 1868ಕ್ಕೆ. ಮೇಜಿ ಚಕ್ರವರ್ತಿಯ ಹೊಸ ಸರ್ಕಾರ. ದೇಶವನ್ನು ಆಧುನಿಕ ಮಾಡಬೇಕು, ಶಿಂಟೋವನ್ನು ರಾಷ್ಟ್ರದ ಬೆನ್ನೆಲುಬು ಮಾಡಬೇಕು ಅನ್ನೋ ಹುಮ್ಮಸ್ಸು. ಆದೇಶ ಹೊರಟಿತು: ಶಿಂಟೋ ಬೇರೆ, ಬೌದ್ಧ ಬೇರೆ, ದೇಗುಲಗಳಲ್ಲಿ ಬೌದ್ಧ ಹೆಸರು, ಬೌದ್ಧ ವಿಗ್ರಹ ಇರಕೂಡದು. ತೆಗೆದುಹಾಕಬೇಕಾದ ದೇವರ ಹೆಸರುಗಳಿಗೆ ಉದಾಹರಣೆಯಾಗಿ ಆ ಆದೇಶದಲ್ಲೇ 'ಗೋಝು ತೆನ್ನೋ' ಅಂತ ಬರೆದಿದ್ದರು. ಸಾವಿರ ವರ್ಷ ಜನ ಕೈಮುಗಿದ ದೇವರು ರಾತ್ರೋರಾತ್ರಿ ಕಾನೂನುಬಾಹಿರ! ಗಿಯೋನ್ ದೇಗುಲ ಯಸಾಕಾ ದೇಗುಲ ಆಯ್ತು. ಒಳಗಿದ್ದ ಬುದ್ಧನ ವಿಗ್ರಹ ಊರಿನ ಇನ್ನೊಂದು ಬೌದ್ಧ ಮಂದಿರಕ್ಕೆ ಹೋಯ್ತು. ಜೇತವನದ ಕಾವಲುಗಾರನ ಹೆಸರು ಕಡತದಿಂದ ಅಳಿಸಿಹೋಯ್ತು. ಆದರೆ ಜನರ ಬಾಯಿಂದ? ಅದು ಆಗಲಿಲ್ಲ. ಹಬ್ಬ ಗಿಯೋನ್ ಹಬ್ಬವಾಗೇ ಉಳೀತು, ಬಡಾವಣೆ ಗಿಯೋನ್ ಆಗೇ ಉಳೀತು. ದೊಡ್ಡ ಸರ್ಕಾರವೊಂದು ಫಲಕ ಬದಲಿಸಿತು, ಅಜ್ಜಿಯರು ಮಾತ್ರ ಹಳೇ ಹೆಸರನ್ನೇ ಹೇಳ್ತಾ ಹೋದರು.

ಈ ಹಟ ಹೊಸದಲ್ಲ. ಕಾಮೊ ನದಿಯ ಸೇತುವೆ ದಾಟಿ ಇನ್ನೊಂದು ಕಡೆಗೆ ಬಂದರೆ ಅದರ ಬೇರು ಸಿಗುತ್ತೆ. ಅಲ್ಲಿ ಹಳೇ ವ್ಯಾಪಾರಿಗಳ ಪೇಟೆ. ತೇರುಗಳನ್ನು ಕಟ್ಟುವುದು, ಕಾಯುವುದು, ಎಳೆಸುವುದು ದೇಗುಲವಲ್ಲ, ಈ ಪೇಟೆಯ ಬೀದಿಗಳು. ಕ್ಯೋಟೋದಲ್ಲಿ ಬೀದಿಯ ಆಚೆ ಈಚೆ ಎದುರುಬದುರಾಗಿರುವ ಎರಡೂ ಸಾಲು ಮನೆಗಳು ಸೇರಿ ಒಂದು 'ಚೋ'. ರಸ್ತೆ ಅವರನ್ನು ಬೇರೆ ಮಾಡಲ್ಲ, ಸೇರಿಸುತ್ತೆ. ಒಂದೊಂದು ಚೋಗೂ ಒಂದೊಂದು ತೇರು.

1467ರಿಂದ 1477ರವರೆಗೆ ಓನಿನ್ ಯುದ್ಧದಲ್ಲಿ ಕ್ಯೋಟೋ ಸುಟ್ಟು ಕರಕಲಾಯ್ತು. ತೇರುಗಳು ನಿಂತವು. 1500ರಲ್ಲಿ ಜನ ಮತ್ತೆ ಎಬ್ಬಿಸಿ ನಿಲ್ಲಿಸಿದರು. 1533ರಲ್ಲಿ ಶೋಗುನ್ ಆಡಳಿತ ಹಬ್ಬ ನಿಲ್ಲಿಸಿ ಅಂತ ಅಪ್ಪಣೆ ಮಾಡಿತು. ಆಗ ಏನಾಯ್ತು ಗೊತ್ತಾ? 66 ಬೀದಿಗಳ ಮುಖಂಡರು ಒಟ್ಟಾಗಿ ದೇಗುಲಕ್ಕೆ ಬಂದರು. ದೇವರ ಪೂಜೆ ನಡೆಯದಿದ್ದರೂ ಪರವಾಗಿಲ್ಲ, ತೇರು ಮಾತ್ರ ಎಳೆಯಲು ಬಿಡಿ ಅನ್ನೋದು ಅವರ ಬೇಡಿಕೆ. ದೇಗುಲದ ಆಡಳಿತಗಾರನ ದಿನಚರಿಯಲ್ಲಿ ಇದು ದಾಖಲಾಗಿದೆ. ಅವರು ನಾಸ್ತಿಕರಲ್ಲ. ಆದರೆ ಈ ತೇರು ಆಳುವವರ ಕೃಪೆಯಿಂದ ಬಂದದ್ದಲ್ಲ, ನಮ್ಮ ಬೀದಿಯ ಸ್ವತ್ತು ಅನ್ನೋದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಜುಲೈ 12ರ ಮಧ್ಯಾಹ್ನ ನಾನು ಅದೇ ಪೇಟೆಯಲ್ಲಿದ್ದೆ. 17ರ ಮುಖ್ಯ ಮೆರವಣಿಗೆಗೆ ಮೊದಲು, ಕಟ್ಟಿ ಮುಗಿಸಿದ ದೊಡ್ಡ ತೇರುಗಳನ್ನು ಅವತ್ತು ಸ್ವಲ್ಪ ದೂರ ಎಳೆದು ಪರೀಕ್ಷೆ ಮಾಡ್ತಾರೆ. ದೊಡ್ಡ ತೇರು ಅಂದ್ರೆ ಹೇಗೆ? ತುದಿವರೆಗೆ ಸುಮಾರು 25 ಮೀಟರ್ ಎತ್ತರ, ತೂಕ ಸುಮಾರು 12 ಟನ್. ಚೌಕಟ್ಟಿಗೆ ಮೊಳೆ ಹೊಡೆಯಲ್ಲ. ಮರದ ತೊಲೆಗಳನ್ನು ಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿರ್ತಾರೆ. ಗಾಲಿಗೆ ತಿರುಗುವ ವ್ಯವಸ್ಥೆ ಇಲ್ಲ. ಮೂಲೆ ಬಂದರೆ ಸೀಳಿದ ಹಸಿ ಬಿದಿರನ್ನು ಗಾಲಿಯ ಕೆಳಗೆ ಹಾಸಿ, ನೀರು ಸುರಿದು, ಹಗ್ಗ ಕಟ್ಟಿ ಪಕ್ಕಕ್ಕೆ ಜಾರಿಸ್ತಾರೆ. ಮೆರವಣಿಗೆಯ ದಿನ ಎಳೆಯುವವರು ಗೊತ್ತಾದ ಜನ. ಆದರೆ ಈ ಪರೀಕ್ಷೆಯ ದಿನ ಹೆಂಗಸರು, ಮಕ್ಕಳು, ದಾರಿಹೋಕರು, ಯಾರು ಬೇಕಾದರೂ ಹಗ್ಗ ಹಿಡಿಯಬಹುದು. ನಾನೂ ಹಿಡಿದೆ. ಮುಂದೆ ಶಾಲೆಯ ಮಕ್ಕಳು, ಹಿಂದೆ ಒಬ್ಬ ಅಜ್ಜ. ಮೇಲಿಂದ ಕೊಳಲು, ಜಾಗಟೆಯ ಸದ್ದು. ಒಂದು ಕೂಗು, ಮರದ ಗಾಲಿಯ ಕಿರ್ ಅನ್ನೋ ಶಬ್ದ, ತೇರು ಹೊರಟಿತು. ತೇರೆಳೆಯೋದು ಹೇಗೆ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ತೇರುಗಳ ಮೈಮೇಲಿನ ಬಟ್ಟೆ ನೋಡಬೇಕು. ಕಾಂಕೊ ಹೊಕೊ ಎಂಬ ತೇರಿನ ಮುಂಭಾಗಕ್ಕೆ 16ನೇ ಶತಮಾನದ ಯುರೋಪಿನ ಚಿತ್ರಗಂಬಳಿ ಇದೆ. ಅದರಲ್ಲಿರೋದು ಬೈಬಲ್ಲಿನ ರೆಬೆಕ್ಕಾಳ ಕಥೆ. 1614ರಿಂದ ಜಪಾನಿನಾದ್ಯಂತ ಕ್ರೈಸ್ತ ಧರ್ಮಕ್ಕೆ ನಿಷೇಧ ಇತ್ತು. ಅಂಥ ಕಾಲದಲ್ಲಿ ಬೈಬಲ್ಲಿನ ಚಿತ್ರ ಶಿಂಟೋ ತೇರಿನ ಎದೆಯ ಮೇಲೆ ನೇತಾಡಿತು! ಇನ್ನು ಹಲವು ತೇರುಗಳಿಗೆ ಹೊದಿಸಿದ್ದು ಭಾರತದ ರತ್ನಗಂಬಳಿಗಳು. 17, 18ನೇ ಶತಮಾನದ ಇವುಗಳಲ್ಲಿ ಎಷ್ಟೋ ದಖನ್ನಿನ ಮಗ್ಗದವು ಅಂತ ತಜ್ಞರು ಗುರುತಿಸಿದ್ದಾರೆ. ದಖನ್ ಅಂದ್ರೆ ಬಿಜಾಪುರ, ಗೋಲ್ಕೊಂಡದ ಸುಲ್ತಾನರು ಆಳಿದ ನೆಲ. ಡಚ್ಚರ ಹಡಗು ಹತ್ತಿ ನಾಗಾಸಾಕಿಗೆ ಇಳಿದು, ಕ್ಯೋಟೋದ ವ್ಯಾಪಾರಿಗಳ ಕೈಗೆ ಬಂದ ಸರಕು. ಇಲ್ಲಿ ನೆಲಕ್ಕೆ ಹಾಸುತ್ತಿದ್ದ ಗಂಬಳಿ ಅಲ್ಲಿ ದೇವರ ತೇರಿಗೆ ಉಡುಗೆಯಾಯ್ತು. ನೇಯ್ದವನು ಯಾವ ಧರ್ಮದವನು ಅಂತ ಆ ಬೀದಿಯವರು ಕೇಳಲಿಲ್ಲ. ಚೆನ್ನಾಗಿದೆಯಾ? ನಮ್ಮ ದೇವರಿಗಿರಲಿ ಅಂದರು. ಬಣ್ಣ ಮಾಸಿದ ಹಳೆಯದನ್ನು ಜೋಪಾನವಾಗಿ ಎತ್ತಿಟ್ಟು, ಅದೇ ಮಾದರಿಯಲ್ಲಿ ಹೊಸದನ್ನು ನೇಯಿಸಿ ಹೊದಿಸುವ ಪದ್ಧತಿ ಈಗ ಹಲವು ತೇರುಗಳಲ್ಲಿ ಇದೆ.

ಈ ಜೋಪಾನಕ್ಕೆ ಕಾರಣ ಇದೆ. 1864ರಲ್ಲಿ ಸಮುರಾಯ್ ಬಣಗಳ ಕಾದಾಟದಲ್ಲಿ ಊರಿಗೆ ಬೆಂಕಿ ಬಿತ್ತು. ಓಫುನೆ ಹೊಕೊ ಎಂಬ ಹಡಗಿನ ಆಕಾರದ ತೇರು ಸುಟ್ಟುಹೋಯ್ತು. ಉಳಿದದ್ದು ದೇವಿಯ ಮುಖವಾಡ, ಒಂದಷ್ಟು ವಸ್ತ್ರ. ಆ ಬೀದಿಯವರು ಸುಟ್ಟದ್ದು ಸುಟ್ಟಿತು ಅಂತ ಕೈಬಿಟ್ಟರಾ? ಇಲ್ಲ. ತೇರಿಲ್ಲದ ಬೀದಿಯಲ್ಲೂ ಆ ಪಳೆಯುಳಿಕೆಗಳನ್ನು ಕಾಪಾಡಿಕೊಂಡು, ಹಬ್ಬದಲ್ಲಿ ಹೊರಗಿಟ್ಟು ಪೂಜಿಸಿದರು. 2014ರಲ್ಲಿ, ಸರಿಯಾಗಿ 150 ವರ್ಷದ ನಂತರ, ಹೊಸದಾಗಿ ಕಟ್ಟಿದ ತೇರು ಮೆರವಣಿಗೆಗೆ ಬಂತು. ತಾಕಾಯಾಮಾ ಎಂಬ ಇನ್ನೊಂದು ತೇರು 1826ರ ಬಿರುಗಾಳಿ ಮಳೆಯಲ್ಲಿ ಹಾಳಾಗಿತ್ತು. ಅದು ಮರಳಿದ್ದು 2022ರಲ್ಲಿ. ಎಷ್ಟು ವರ್ಷ? 196. ತೇರು ನಿಂತಾಗ ಕಣ್ಣಾರೆ ನೋಡಿದವನ ಮೊಮ್ಮಗನಿಗೂ ಅದನ್ನು ಮತ್ತೆ ನೋಡುವ ಭಾಗ್ಯ ಸಿಕ್ಕಿರಲ್ಲ. ಆದರೂ ನಮ್ಮ ಬೀದಿಗೆ ಒಂದು ತೇರು ಬಾಕಿ ಇದೆ ಅನ್ನೋ ನೆನಪನ್ನು ತಲೆಮಾರಿಂದ ತಲೆಮಾರಿಗೆ ಸಾಲದ ಪತ್ರದ ಹಾಗೆ ದಾಟಿಸಿದ್ದಾರೆ.

2020. ಕೊರೊನಾ. ನಾವೆಲ್ಲ ಸ್ಟುಡಿಯೋದಲ್ಲಿ ಕೂತು ಸಾವಿನ ಲೆಕ್ಕ ಓದ್ತಿದ್ದ ದಿನಗಳು. ರೋಗ ಓಡಿಸೋಕೆ ಹುಟ್ಟಿದ ಹಬ್ಬದ ಮೆರವಣಿಗೆಯನ್ನು ರೋಗವೇ ನಿಲ್ಲಿಸಿತು. ಹಾಗಂತ ಅವರು ಹಟಕ್ಕೆ ಬಿದ್ದು ಲಕ್ಷಾಂತರ ಜನರನ್ನು ಸೇರಿಸಲಿಲ್ಲ. ಪಲ್ಲಕ್ಕಿಯ ಬದಲು ದೇವರನ್ನು ಆವಾಹಿಸಿದ ಕೊಂಬೆಯನ್ನು ಬಿಳಿ ಕುದುರೆಯ ಮೇಲೆ ಒಯ್ದರು. ತೇರಿನ ಬದಲು ಆ ಬೀದಿಗಳ ಪ್ರತಿನಿಧಿಗಳು ಕೈಯಲ್ಲಿ ಹಸಿರು ಕೊಂಬೆ ಹಿಡಿದು ನಡೆದುಹೋಗಿ ಕೈಮುಗಿದು ಬಂದರು. 2021ರಲ್ಲೂ ಮೆರವಣಿಗೆ ಇರಲಿಲ್ಲ. ಆದರೆ ಹಗ್ಗ ಬಿಗಿಯುವ ವಿದ್ಯೆ ಕೈತಪ್ಪಬಾರದು ಅಂತ ಕೆಲವು ಬೀದಿಯವರು ತೇರು ಕಟ್ಟಿ ನಿಲ್ಲಿಸಿ, ಮತ್ತೆ ಬಿಚ್ಚಿಟ್ಟರು. ನಂಬಿಕೆ ಬೇರೆ, ಮೊಂಡುತನ ಬೇರೆ. ಎರಡರ ವ್ಯತ್ಯಾಸ ಗೊತ್ತಿರುವ ಜನ ಹೀಗೆ ನಡೆದುಕೊಳ್ತಾರೆ.

ಎಲ್ಲ ಚೆನ್ನಾಗಿದೆ ಅಂತ ನಾನು ಹೇಳಲ್ಲ. 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ತೇರುಗಳ ಬೀದಿಯಲ್ಲಿ ಈಗ ಎದ್ದಿರೋದು ಬ್ಯಾಂಕು, ಆಫೀಸು, ಅಪಾರ್ಟ್‌ಮೆಂಟು. ಕೆಲವು ಚೋಗಳಲ್ಲಿ ಹಳೇ ಮನೆಗಳು ಬೆರಳೆಣಿಕೆಯಷ್ಟು. ಹಗ್ಗ ಹಿಡಿಯೋಕೆ ಹೊರಗಿನ ಸ್ವಯಂಸೇವಕರು ಬರಬೇಕು. ಶೋಗುನ್ ಅಪ್ಪಣೆಯನ್ನು ಎದುರಿಸಿದ ಬೀದಿ ರಿಯಲ್ ಎಸ್ಟೇಟ್ ಬೆಲೆಯನ್ನು ಎದುರಿಸಬಲ್ಲದಾ? ನಿಜವಾದ ಪರೀಕ್ಷೆ ಇರೋದು ಇಲ್ಲಿ. ಎದುರಿಗೆ ಶತ್ರು ಇದ್ದಾಗ ಜನ ಒಂದಾಗ್ತಾರೆ. ಎದುರಿಗೆ ಒಳ್ಳೇ ರೇಟು ಇದ್ದಾಗ ಒಬ್ಬೊಬ್ಬರೇ ಹೊರಟುಹೋಗ್ತಾರೆ.

ಆದರೂ ಅವತ್ತು ಹಗ್ಗದ ಇನ್ನೊಂದು ತುದಿಯಲ್ಲಿ ಟೈ ಕಟ್ಟಿದ ಆಫೀಸಿನ ಹುಡುಗರೂ ಇದ್ದರು. ಅಪಾರ್ಟ್‌ಮೆಂಟಿನಿಂದ ಇಳಿದು ಬಂದ ಮಕ್ಕಳೂ ಇದ್ದರು. ಸೋಮಿನ್ ಶೋರೈ ವಂಶ ಅಂದ್ರೆ ರಕ್ತಸಂಬಂಧ ಅಲ್ಲವಲ್ಲ. ಚೀಟಿಯನ್ನು ಬಾಗಿಲಿಗೆ ಕಟ್ಟಿದವರೆಲ್ಲ ಆ ವಂಶದವರೇ.

ಸಂಜೆ ವಾಪಸ್ ಹೊರಟಾಗ ಒಂದು ಮನೆಯ ಬಾಗಿಲ ಮೇಲೆ ಹೋದ ವರ್ಷದ ಚಿಮಾಕಿ ಇನ್ನೂ ನೇತಾಡ್ತಿತ್ತು. ಬಿದಿರೆಲೆ ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ಕೆಲವೇ ದಿನಗಳಲ್ಲಿ ಅದನ್ನು ಇಳಿಸಿ, ಹೊಸದನ್ನು ಕಟ್ತಾರೆ. 869ರಿಂದ ಈಚೆಗೆ ಎಷ್ಟು ರಾಜರು ಬಂದರು, ಎಷ್ಟು ಶೋಗುನ್‌ಗಳು ಹೋದರು, ಎಷ್ಟು ಆದೇಶಗಳು ಹೊರಟವು ಅಂತ ಇತಿಹಾಸದ ಪುಸ್ತಕ ಹೇಳುತ್ತೆ. ಆ ಬಾಗಿಲಿಗೆ ಪ್ರತಿ ವರ್ಷ ಹೊಸ ಎಲೆ ಕಟ್ಟಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಹಬ್ಬ ಉಳಿದಿರೋದು ಅವರಿಂದ.